ಸಣ್ಣ ಸ್ಪ್ರೆಡ್‌ನ ಬ್ಲ್ಯಾಕ್‌ಜಾಕ್: ಆಡದೆ ಬಿಟ್ಟ ಕೈಗಳಲ್ಲೇ ಲಾಭ

ಕಳೆದ ದೀಪಾವಳಿಗೆ ಅಕ್ಕನ ಮಗ ಬಳ್ಳಾರಿಗೆ ಬಂದಿದ್ದ. ಕೆಲಸ ಅಮೆರಿಕದ ನೆವಾಡಾದಲ್ಲಿ. ರಜೆ ಸಿಕ್ಕಾಗ ಲಾಸ್ ವೇಗಸ್‌ನ ಕ್ಯಾಸಿನೋಗಳಲ್ಲಿ ಬ್ಲ್ಯಾಕ್‌ಜಾಕ್ ಆಡುತ್ತಾನೆ. ಡೀಲರ್, ಅಂದರೆ ಕ್ಯಾಸಿನೋ ಪರವಾಗಿ ಎಲೆ ಹಂಚುವವನು, ಅವನಿಗಿಂತ ಹೆಚ್ಚು ಮೊತ್ತವನ್ನು 21 ದಾಟದ ಹಾಗೆ ಕೂಡಿಸುವ ಇಸ್ಪೀಟಾಟ ಅದು; ಗುಲಾಮ, ರಾಣಿ, ರಾಜ ಹತ್ತಕ್ಕೆ ಸಮ, ಎಕ್ಕ 1 ಅಥವಾ 11. ಅದೃಷ್ಟ ನಂಬಿ ಆಡುವವನಲ್ಲ, ಎಲೆ ಎಣಿಸಿ ಆಡುವವನು. ಊಟ ಆದ ಮೇಲೆ ಕೌಲ್ ಬಜಾರಿನ ನಮ್ಮ ಮನೆ ಮಾಳಿಗೆ ಮೇಲೆ ಕೂತು ನೋಟ್‌ಬುಕ್ ಬಿಚ್ಚಿದ.

"ಮಾಮ, ಎಣಿಕೆ ತಪ್ಪಿಲ್ಲ. ಆದ್ರೂ ದುಡ್ಡು ನಿಲ್ತಿಲ್ಲ. ಬಾಜಿ ಜಾಸ್ತಿ ಏರಿಸಿದ್ರೆ ಎಬ್ಬಿಸಿ ಕಳಿಸ್ತಾರೆ. ಕಮ್ಮಿ ಏರಿಸಿದ್ರೆ ಏನೂ ಉಳಿಯಲ್ಲ."

ನಾನು ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಲೆಕ್ಕ ಬರೆಯುವವನು. ಇಸ್ಪೀಟು ಚಿಕ್ಕಂದಿನಿಂದ ಇಷ್ಟ, ಅಂಕಿಗಳು ಅದಕ್ಕಿಂತ ಇಷ್ಟ. ಆರು ಕಟ್ಟು ಎಲೆ ತಂದೆವು. ದುಡ್ಡಿನ ಬದಲು ಶೇಂಗಾ ಇಟ್ಟೆವು. ನಾಲ್ಕು ದಿನ ಕೂತು ಅವನ ನೋಟ್‌ಬುಕ್ಕನ್ನು ಸಾಲು ಸಾಲಾಗಿ ನೋಡಿದೆವು. ತಪ್ಪು ಬಾಜಿಯಲ್ಲಿ ಇರಲಿಲ್ಲ. ಏಳಬೇಕಾದ ಹೊತ್ತಲ್ಲಿ ಅವನು ಕೂತೇ ಇದ್ದ. ಅಷ್ಟೇ ತಪ್ಪು. ಅದನ್ನು ಸರಿ ಮಾಡುವುದು ಹೇಗೆ ಅನ್ನುವುದೇ ಈ ಲೇಖನ.

ಶುರು ಮಾಡುವ ಮುಂಚೆ ಕಾನೂನಿನ ವಿಷಯ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ದುಡ್ಡು ಕಟ್ಟಿ ಈ ಆಟ ಆಡುವ ಹಾಗಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಜೂಜು ಅಪರಾಧ. ಹಬ್ಬದ ರಾತ್ರಿ ಅಂದರ್ ಬಾಹರ್ ಆಡುತ್ತಾ ಸಿಕ್ಕಿಬಿದ್ದವರ ಸುದ್ದಿ ನಮ್ಮ ಕಡೆ ಪ್ರತಿ ವರ್ಷ ಓದುತ್ತೇವೆ, ಅಲ್ವಾ? ಫೋನಿನಲ್ಲಿ ಆಡೋಣ ಅಂದರೆ, ಆನ್‌ಲೈನ್ ದುಡ್ಡಿನ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಹಾಗಾಗಿ ಇದು ಎರಡು ಥರದ ಓದುಗರಿಗೆ. ಕ್ಯಾಸಿನೋ ಕಾನೂನುಬದ್ಧವಾಗಿರುವ ಕಡೆ ಇರುವ ನಮ್ಮ ಹುಡುಗರಿಗೆ ಒಂದು. ಮನೆಯಲ್ಲಿ ಶೇಂಗಾ ಇಟ್ಟು ಲೆಕ್ಕದ ರುಚಿ ನೋಡುವವರಿಗೆ ಇನ್ನೊಂದು.

ಎಣಿಕೆ ಕಲಿಯುವುದು

ಎಣಿಕೆಗಿಂತ ಮೊದಲು ಮೂಲ ಆಟ ಬಾಯಿಪಾಠ ಆಗಬೇಕು. ನಿಮ್ಮ ಕೈಯಲ್ಲಿ ಎಷ್ಟಿದೆ, ಡೀಲರ್ ತೋರಿಸಿರುವ ಎಲೆ ಯಾವುದು, ಅದಕ್ಕೆ ಏನು ಮಾಡಬೇಕು. ಇದಕ್ಕೆ ಒಂದು ಕೋಷ್ಟಕ ಇದೆ, ಬೇಸಿಕ್ ಸ್ಟ್ರಾಟಜಿ ಅನ್ನುತ್ತಾರೆ. ಮಗ್ಗಿ ಕಲಿತ ಹಾಗೆ ಕಲಿಯಬೇಕು. ಡೀಲರ್ ಹತ್ತಿರ 2ರಿಂದ 6ರ ಒಳಗಿನ ಎಲೆ ಇದ್ದರೆ 13ರಿಂದ 16ರವರೆಗಿನ ಕೈಯಲ್ಲಿ ನಿಲ್ಲಬೇಕು. 7 ಅಥವಾ ಮೇಲಿದ್ದರೆ ಎಲೆ ತಗೊಳ್ಳಬೇಕು. ಜೋಡಿ ಎಕ್ಕ, ಜೋಡಿ 8 ಬಂದರೆ ಯಾವಾಗಲೂ ಬೇರೆ ಮಾಡಿ ಎರಡು ಕೈಯಾಗಿ ಆಡಬೇಕು. ಜೋಡಿ 5 ಬೇರೆ ಮಾಡಬಾರದು. ಹೀಗೆ ಪೂರ್ತಿ ಕೋಷ್ಟಕ. ಇದನ್ನು ತಪ್ಪಿಲ್ಲದೆ ಆಡಿದರೆ ಒಳ್ಳೆಯ ನಿಯಮಗಳ ಮೇಜಿನಲ್ಲಿ ಕ್ಯಾಸಿನೋಗೆ ಉಳಿಯುವುದು ಸುಮಾರು ಶೇ 0.5 ಮಾತ್ರ. ನೂರು ರೂಪಾಯಿ ಕಟ್ಟಿದರೆ ಸರಾಸರಿ ಐವತ್ತು ಪೈಸೆ. ಕೋಷ್ಟಕದಲ್ಲಿ ಆಗಾಗ ತಪ್ಪು ಮಾಡುವವರಿಗೆ ಮುಂದಿನ ಯಾವ ಲೆಕ್ಕವೂ ಕೂಡಿಬರುವುದಿಲ್ಲ.

ಇನ್ನು ಎಣಿಕೆ. ಎಡ್ವರ್ಡ್ ಥಾರ್ಪ್ ಅನ್ನುವ ಗಣಿತದ ಮೇಷ್ಟ್ರು ಎಂಐಟಿಯಲ್ಲಿದ್ದಾಗ ಐಬಿಎಂ 704 ಕಂಪ್ಯೂಟರಿನಲ್ಲಿ ಈ ಆಟದ ಲೆಕ್ಕ ಹಾಕಿದರು. ಹೋದ ಎಲೆಗಳನ್ನು ಗಮನಿಸಿದರೆ ಆಟಗಾರನೇ ಮೇಲುಗೈ ಪಡೆಯಬಹುದು ಎಂದು 1962ರಲ್ಲಿ ಲೋಕಕ್ಕೆಲ್ಲ ತಿಳಿಸಿದರು. ಮರುವರ್ಷ ಹಾರ್ವೆ ಡಬ್ನರ್ ಅನ್ನುವವರು ಹೈ-ಲೋ ಅನ್ನುವ ಸರಳ ದಾರಿ ಕೊಟ್ಟರು. ಇವತ್ತಿಗೂ ಹೆಚ್ಚಿನವರು ಶುರು ಮಾಡುವುದು ಇದರಿಂದಲೇ.

2, 3, 4, 5, 6 ಹೋದರೆ ಒಂದು ಕೂಡಿಸಿ. 7, 8, 9 ಹೋದರೆ ಸುಮ್ನೆ ಬಿಡಿ. 10, ಗುಲಾಮ, ರಾಣಿ, ರಾಜ, ಎಕ್ಕ ಹೋದರೆ ಒಂದು ಕಳೆಯಿರಿ. ಒಂದು ಕಟ್ಟಿನಲ್ಲಿ ಸಣ್ಣ ಎಲೆ 20, ದೊಡ್ಡ ಎಲೆ 20. ಹಾಗಾಗಿ ಕಟ್ಟು ಮುಗಿಯುವಾಗ ಸೊನ್ನೆಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ನಡುವೆ ಎಲ್ಲೋ ತಪ್ಪಿದೆ.

ದೊಡ್ಡ ಎಲೆ ಉಳಿದರೆ ನಮಗೇಕೆ ಒಳ್ಳೆಯದು? ಎಕ್ಕ ಮತ್ತು ಹತ್ತು ಒಟ್ಟಿಗೆ ಬಂದರೆ ಅದೇ ಬ್ಲ್ಯಾಕ್‌ಜಾಕ್. ಅದು ನಮಗೂ ಬರುತ್ತದೆ, ಡೀಲರ್‌ಗೂ ಬರುತ್ತದೆ. ಆದರೆ ನಮಗೆ ಬಂದಾಗ ಒಂದೂವರೆ ಪಟ್ಟು ಸಿಗುತ್ತದೆ, ಡೀಲರ್‌ಗೆ ಬಂದಾಗ ನಮ್ಮಿಂದ ಹೋಗುವುದು ಒಂದೇ ಪಟ್ಟು. ಇನ್ನೊಂದು, ಡೀಲರ್ 12ರಿಂದ 16ರವರೆಗೆ ಇದ್ದರೆ ಎಲೆ ತೆಗೆಯಲೇಬೇಕು, ಅವನಿಗೆ ಬೇರೆ ದಾರಿ ಇಲ್ಲ. ದೊಡ್ಡ ಎಲೆ ಜಾಸ್ತಿ ಇದ್ದರೆ ಅವನು 21 ದಾಟಿ ಒಡೆಯುತ್ತಾನೆ. ನಾವಾದರೆ ನಿಲ್ಲಬಹುದು. ನಾವು 10 ಅಥವಾ 11ರ ಮೇಲೆ ಬಾಜಿ ಡಬಲ್ ಮಾಡಿದಾಗಲೂ ಬೇಕಾದ ಎಲೆ ಬರುವ ಸಾಧ್ಯತೆ ಹೆಚ್ಚುತ್ತದೆ.

ಒಂದು ಕಟ್ಟನ್ನು 30 ಸೆಕೆಂಡಿನೊಳಗೆ ಎಣಿಸಿ ಮುಗಿಸುವ ತನಕ ಬಿಡಬೇಡಿ. ಎರಡೆರಡು ಎಲೆ ಒಟ್ಟಿಗೆ ನೋಡಿ. ರಾಜನೂ 5ರೂ ಒಟ್ಟಿಗೆ ಬಂದರೆ ಸೊನ್ನೆ, ತಲೆ ಕೆಡಿಸಿಕೊಳ್ಳುವ ಕೆಲಸವೇ ಇಲ್ಲ. ನಾನು ಮಧ್ಯಾಹ್ನದ ಬಿಡುವಿನಲ್ಲಿ ಹೊಲಿಗೆ ಮಷಿನ್‌ಗಳ ಸದ್ದಿನ ನಡುವೆ ಕೂತು ಅಭ್ಯಾಸ ಮಾಡಿದೆ. ಶಾಂತವಾದ ಕೋಣೆಯಲ್ಲಿ ಕಲಿತದ್ದು ಗದ್ದಲದಲ್ಲಿ ಕೈಕೊಡುತ್ತದೆ.

ಇದು ಓಡುವ ಎಣಿಕೆ. ಇದನ್ನು ಉಳಿದ ಕಟ್ಟುಗಳಿಂದ ಭಾಗಿಸಿದರೆ ಸಿಗುವುದು ಟ್ರೂ ಕೌಂಟ್. ಎಣಿಕೆ +8 ಇದ್ದು ಇನ್ನೂ 4 ಕಟ್ಟು ಉಳಿದಿದ್ದರೆ +2. ಅದೇ +8 ಇದ್ದು 2 ಕಟ್ಟು ಉಳಿದಿದ್ದರೆ +4. ಆಡಿ ಬಿಟ್ಟ ಎಲೆಗಳನ್ನು ಮೇಜಿನ ಬದಿಯ ತಟ್ಟೆಯಲ್ಲಿ ಇಟ್ಟಿರುತ್ತಾರೆ. ಅದರ ಎತ್ತರ ನೋಡಿ ಎಷ್ಟು ಕಟ್ಟು ಹೋಗಿದೆ ಎಂದು ಅಂದಾಜು ಮಾಡಬೇಕು. ಮನೆಯಲ್ಲಿ ಒಂದು, ಎರಡು, ಮೂರು ಕಟ್ಟು ಪೇರಿಸಿಟ್ಟು ದಿನಾ ನೋಡಿ. ವಾರದಲ್ಲಿ ಕಣ್ಣಿಗೆ ಅಭ್ಯಾಸವಾಗುತ್ತದೆ. ಇನ್ನು ಮುಂದೆ ಎಣಿಕೆ ಎಂದರೆ ಈ ಟ್ರೂ ಕೌಂಟ್ ಎಂದೇ ತಿಳಿಯಿರಿ.

ಎಣಿಕೆ ಒಂದು ಏರಿದರೆ ನಮ್ಮ ಪರವಾಗಿ ಸುಮಾರು ಶೇ 0.5 ವಾಲುತ್ತದೆ. ಅಂದರೆ ಸೊನ್ನೆಯಲ್ಲಿ ನಾವು ಶೇ 0.5 ಹಿಂದೆ. +1ರಲ್ಲಿ ಸಮ. +2ರಲ್ಲಿ ಶೇ 0.5 ಮುಂದೆ. −1ರಲ್ಲಿ ಶೇ 1 ಹಿಂದೆ. ಈ ನಾಲ್ಕು ಸಾಲು ನೆನಪಿರಲಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ನೂರು ಸುತ್ತಿನ ಲೆಕ್ಕ

ಸ್ಪ್ರೆಡ್ ಅಂದರೆ ಕಡಿಮೆ ಬಾಜಿಗೂ ಹೆಚ್ಚಿನ ಬಾಜಿಗೂ ಇರುವ ಅಂತರ. ಕೆಟ್ಟ ಹೊತ್ತಲ್ಲಿ 1000, ಒಳ್ಳೆಯ ಹೊತ್ತಲ್ಲಿ 4000 ಕಟ್ಟಿದರೆ ಅದು 1-4. ಕ್ಯಾಸಿನೋದವರು ಎಣಿಸುವವರನ್ನು ಗುರುತಿಸುವುದೇ ಈ ಏರಿಳಿತದಿಂದ. 1000 ಕಟ್ಟುತ್ತಿದ್ದವನು ದಿಢೀರನೆ 12,000 ಇಟ್ಟರೆ ಮೇಲ್ವಿಚಾರಕ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಹಾಗಾಗಿ 1-4ರಲ್ಲೇ ದಾರಿ ಹುಡುಕಬೇಕು.

ಆರು ಕಟ್ಟಿನ ಆಟ ತಗೊಳ್ಳಿ. ಮುಕ್ಕಾಲು ಭಾಗ ಎಲೆ ಹಂಚಿ ಆಮೇಲೆ ಕಲೆಸುತ್ತಾರೆ ಎಂದಿರಲಿ. ನೂರು ಸುತ್ತಿನಲ್ಲಿ ಎಣಿಕೆ ಎಲ್ಲೆಲ್ಲಿ ಇರುತ್ತದೆ ಅನ್ನುವುದಕ್ಕೆ ದುಂಡು ಅಂಕಿ ಹಾಕಿಕೊಳ್ಳುತ್ತೇನೆ. ನಿಯಮ ನೋಡಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಆಕಾರ ಇದೇ. ಸೊನ್ನೆಯ ಆಸುಪಾಸಿನಲ್ಲಿ 46 ಸುತ್ತು. +1ರಲ್ಲಿ 13, −1ರಲ್ಲಿ 13. +2ರಲ್ಲಿ 7, −2ರಲ್ಲಿ 7. +3ರಲ್ಲಿ 3, −3ರಲ್ಲಿ 3. ಆಮೇಲೆ 4ರಲ್ಲಿ ಎರಡೂ ಕಡೆ ಎರಡೆರಡು, 5 ಮತ್ತು ಅದರಾಚೆ ಎರಡೆರಡು.

ಪ್ರತಿ ಸುತ್ತಿಗೂ 1000 ಕಟ್ಟಿದೆವು ಎಂದುಕೊಳ್ಳಿ. ಸೊನ್ನೆಯ 46 ಸುತ್ತಿನಲ್ಲಿ ಸುತ್ತಿಗೆ 5 ರೂಪಾಯಿ ನಷ್ಟ, ಒಟ್ಟು 230. ಮೈನಸ್ ಕಡೆ ನೋಡಿ. −1ರ 13 ಸುತ್ತಿಗೆ 130 ಹೋಯಿತು, −2ರ 7 ಸುತ್ತಿಗೆ 105, −3ಕ್ಕೆ 60, −4ಕ್ಕೆ 50, −5ಕ್ಕೆ 60. ಕೂಡಿದರೆ 405. +1ರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪ್ಲಸ್ ಕಡೆ 35, 30, 30, 40. ಒಟ್ಟು 135 ಮಾತ್ರ. ನೂರು ಸುತ್ತು ಮುಗಿದಾಗ 500 ರೂಪಾಯಿ ನಷ್ಟ. ಒಂದು ಲಕ್ಷ ಕಟ್ಟಿದ್ದಕ್ಕೆ 500, ಅಂದರೆ ಅದೇ ಶೇ 0.5. ಲೆಕ್ಕ ತಾಳೆಯಾಯಿತು.

ಈಗ 1-4 ಹಾಕಿ. +2 ಮುಟ್ಟಿದ ಕೂಡಲೇ 4000. 135 ಇದ್ದದ್ದು ನಾಲ್ಕು ಪಟ್ಟಾಗಿ 540 ಆಯಿತು. ಆದರೆ ಸೊನ್ನೆ ಮತ್ತು ಮೈನಸ್‌ನ ಖರ್ಚು 635 ಹಾಗೇ ಇದೆ. 95 ರೂಪಾಯಿ ನಷ್ಟ. ಎಣಿಕೆ ಒಂದೂ ತಪ್ಪದೆ, ಬಾಜಿ ಒಂದೂ ತಪ್ಪದೆ ನಷ್ಟ! ಅಕ್ಕನ ಮಗನ ನೋಟ್‌ಬುಕ್‌ನಲ್ಲಿ ಇದ್ದದ್ದು ಇದೇ.

ಇಲ್ಲಿ ಹೆಚ್ಚಿನವರು ಸ್ಪ್ರೆಡ್ ಹಿಗ್ಗಿಸುತ್ತಾರೆ. 1-8 ಮಾಡಿದರೆ 1080ರಲ್ಲಿ 635 ಕಳೆದು 445 ಉಳಿಯುತ್ತದೆ. ನಿಜ. ಆದರೆ ಮೇಲ್ವಿಚಾರಕನ ಕಣ್ಣಿಗೂ ಬೀಳುತ್ತೀರಿ.

ಇನ್ನೊಂದು ದಾರಿ ಇದೆ. 1-4 ಹಾಗೇ ಇರಲಿ. ಎಣಿಕೆ ಮೈನಸ್ ಆದ ಕೂಡಲೇ ಎದ್ದುಬಿಡಿ. 405 ಉಳಿಯಿತು. ಈಗ 540ರಲ್ಲಿ 230 ಕಳೆದರೆ 310 ಲಾಭ. ನಷ್ಟದ ಆಟ ಲಾಭಕ್ಕೆ ಬಂತು, ಬಾಜಿ ಒಂದು ರೂಪಾಯಿಯೂ ಏರಿಲ್ಲ. 1-2 ಸ್ಪ್ರೆಡ್ ಇದ್ದವನು ಕೂಡ ಹೀಗೆ ಮಾಡಿದರೆ 270ರಲ್ಲಿ 230 ಕಳೆದು 40 ರೂಪಾಯಿಯಷ್ಟು ದಡ ಸೇರುತ್ತಾನೆ.

ಇನ್ನೂ ಮುಂದೆ ಹೋಗಿ. ಮೇಜಿನ ಹಿಂದೆ ನಿಂತು ಎಣಿಸಿ, +2 ಆದ ಮೇಲೆ ಮಾತ್ರ ಕೂತು 4000 ಕಟ್ಟಿದರೆ? 230 ಕೂಡ ಉಳಿಯಿತು. ಪೂರ್ತಿ 540 ನಿಮ್ಮದು. ಕೂತು ಆಡುವ 1-8ಕ್ಕಿಂತ ಇದು ಜಾಸ್ತಿ. ಇದರ ಸೊಗಸು ನೋಡಿ: ಆಗ ನೀವು ಕಟ್ಟುವುದು ಒಂದೇ ಬಾಜಿ. ಏರಿಳಿತವೇ ಇಲ್ಲ. ಈ ರೀತಿಯನ್ನು ಪ್ರಸಿದ್ಧಿಗೆ ತಂದವರು ಸ್ಟ್ಯಾನ್‌ಫರ್ಡ್ ವಾಂಗ್ ಅನ್ನುವ ಲೇಖಕರು. ಅವರ ಹೆಸರಿನ ಮೇಲೇ ಇದಕ್ಕೆ ವಾಂಗಿಂಗ್ ಅನ್ನುತ್ತಾರೆ.

ಈ ಲೆಕ್ಕ ಬರೆದು ಮುಗಿಸಿದಾಗ ನನಗೆ ನೆನಪಾದದ್ದು ಸಿರುಗುಪ್ಪ ಕಡೆಯ ಭತ್ತದ ಗದ್ದೆಗಳು. ತುಂಗಭದ್ರಾ ಡ್ಯಾಮ್ ತುಂಬಿದರೆ 1633 ಅಡಿ. ಎರಡನೇ ಬೆಳೆ ಹಚ್ಚುವ ಮುಂಚೆ ಪ್ರತಿಯೊಬ್ಬ ರೈತನೂ ಡ್ಯಾಮ್‌ನಲ್ಲಿ ಎಷ್ಟು ನೀರಿದೆ, ನೀರಾವರಿ ಸಲಹಾ ಸಮಿತಿ ಏನು ಹೇಳುತ್ತದೆ ಎಂದು ಕೇಳುತ್ತಾನೆ. ನೀರು ಸಾಲದ ವರ್ಷ ಹಚ್ಚದೆ ಬಿಟ್ಟರೆ ಬೀಜ, ಗೊಬ್ಬರ, ಕೂಲಿ ಉಳಿಯುತ್ತದೆ. ಆ ಉಳಿಕೆಯೇ ಮುಂದಿನ ಮುಂಗಾರಿಗೆ ಬಂಡವಾಳ. ಅಕ್ಕನ ಮಗನಿಗೆ ಹೀಗೆ ಹೇಳಿದ ಮೇಲೇ ಅದು ತಲೆಗೆ ಇಳಿದದ್ದು. ಅವನ ಅಜ್ಜ ಅದೇ ಗದ್ದೆಯಲ್ಲಿ ದುಡಿದವರು.

ಏಳುವುದು ಹೇಗೆ

ಹೇಳಲು ಸುಲಭ, ಮಾಡಲು ಕಷ್ಟ. ಕೂತ ಕುರ್ಚಿ ಬಿಡಲು ಮನಸ್ಸು ಬರುವುದಿಲ್ಲ. ಸೋತಿದ್ದರೆ ಅದನ್ನು ವಾಪಸ್ ತರಬೇಕು ಅನ್ನಿಸುತ್ತದೆ. ಗೆದ್ದಿದ್ದರೆ ಈ ಮೇಜು ಒಲಿದಿದೆ ಅನ್ನಿಸುತ್ತದೆ. ಎಲೆಗೆ ಇದೊಂದೂ ಗೊತ್ತಿಲ್ಲ.

ಹೊಸದಾಗಿ ಕಲೆಸಿದ ಎಲೆ ಇರುವ ಮೇಜಿಗೆ ಹೋಗಿ ಕೂತುಕೊಳ್ಳಿ. ಎಣಿಕೆ −1 ಆದರೆ ಆ ಸುತ್ತು ಮುಗಿಸಿ ಏಳಿ. ಫೋನ್ ಬಂತು ಅನ್ನಿ, ಬಾತ್‌ರೂಮ್ ಅನ್ನಿ, ಕಾಫಿ ಅನ್ನಿ. ಸ್ವಲ್ಪ ದೂರದ ಇನ್ನೊಂದು ಮೇಜಿನಲ್ಲಿ ಕಲೆಸುತ್ತಿದ್ದರೆ ಅಲ್ಲಿಗೆ ಹೋಗಿ. ಪ್ರತಿ ಸಲ −1ಕ್ಕೇ ಏಳಲು ಆಗದಿದ್ದರೆ −2ಕ್ಕೆ ಏಳಿ, ಆದರೆ ಅದರ ಬೆಲೆ ಗೊತ್ತಿರಲಿ. ಮೇಲಿನ ಲೆಕ್ಕದಲ್ಲಿ 310 ಇದ್ದದ್ದು 180ಕ್ಕೆ ಇಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒಂದೇ ನೆಪ ಹೇಳಬೇಡಿ. ಒಂದೇ ಕ್ಯಾಸಿನೋದಲ್ಲಿ ಒಂದು ಗಂಟೆಗಿಂತ ಜಾಸ್ತಿ ಇರಬೇಡಿ ಎಂದು ನಾನು ಅವನಿಗೆ ಹೇಳಿದ್ದೇನೆ.

ಇದಕ್ಕೆ ಮೇಜುಗಳು ಹತ್ತಿರ ಹತ್ತಿರ, ಜಾಸ್ತಿ ಸಂಖ್ಯೆಯಲ್ಲಿ ಇರಬೇಕು. ಎರಡೇ ಮೇಜು ಇರುವ ಕಡೆ ಎದ್ದು ಎಲ್ಲಿಗೆ ಹೋಗುತ್ತೀರಿ? ಕೆಲವು ಕಡೆ ಕಲೆಸಿದ ಮೇಲೆ ನಡುವೆ ಬಂದು ಕೂರುವ ಹಾಗಿಲ್ಲ ಅನ್ನುವ ಬೋರ್ಡ್ ಇರುತ್ತದೆ. ಅಲ್ಲಿ ಹಿಂದೆ ನಿಂತು ಎಣಿಸುವ ದಾರಿ ಮುಚ್ಚಿತು, ಎದ್ದು ಹೋಗುವ ದಾರಿ ಮಾತ್ರ ಉಳಿಯಿತು.

ಬಾಜಿ ಏರಿಸುವುದಕ್ಕೂ ಒಂದು ಸಹಜ ರೀತಿ ಇದೆ. ಕೈ ಗೆದ್ದಾಗ ಎಣಿಕೆ ಚೆನ್ನಾಗಿದ್ದರೆ ಗೆದ್ದದ್ದನ್ನು ಎತ್ತಿಕೊಳ್ಳದೆ ಅಲ್ಲೇ ಬಿಡಿ. ಸಾವಿರ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ನೋಡುವವರಿಗೆ ಹುಮ್ಮಸ್ಸಿನಲ್ಲಿ ಆಡುವ ಸಾಮಾನ್ಯ ಆಟಗಾರನ ಹಾಗೆ ಕಾಣುತ್ತದೆ. ಇನ್ನೊಂದು ದಾರಿ ಎರಡು ಕೈ ಆಡುವುದು. ಒಂದೇ ಕೈಗೆ 4000 ಇಡುವ ಬದಲು ಎರಡು ಕೈಗೆ ತಲಾ 3000 ಇಟ್ಟರೆ ಅಪಾಯ ಹೆಚ್ಚುಕಡಿಮೆ ಅಷ್ಟೇ, ಮೇಜಿನ ಮೇಲೆ ಒಳ್ಳೆಯ ಹೊತ್ತಿನಲ್ಲಿ ಇರುವ ದುಡ್ಡು 6000.

ಎಂಥ ಮೇಜು ಬೇಕು

ಬ್ಲ್ಯಾಕ್‌ಜಾಕ್‌ಗೆ 2ಕ್ಕೆ 3 ಕೊಡುತ್ತಾರೋ, 5ಕ್ಕೆ 6 ಕೊಡುತ್ತಾರೋ ಮೊದಲು ಓದಿ. 1000ಕ್ಕೆ 1500 ಸಿಗಬೇಕು. ಎರಡನೆಯದರಲ್ಲಿ ಸಿಗುವುದು 1200. ಸುಮಾರು 21 ಕೈಗೆ ಒಂದು ಬ್ಲ್ಯಾಕ್‌ಜಾಕ್ ಬರುತ್ತದೆ. ಪ್ರತಿ ಸಲ 300 ಕಡಿಮೆ ಅಂದರೆ ಕೈಗೆ 14 ರೂಪಾಯಿ, ಶೇ 1.4. ನಮ್ಮ ಒಟ್ಟು ಲಾಭವೇ ಅದಕ್ಕಿಂತ ಸಣ್ಣದು. ಅಂಥ ಮೇಜಿನ ಹತ್ತಿರವೂ ಹೋಗಬೇಡಿ.

ಎರಡು ಕಟ್ಟಿನ ಆಟ ಒಳ್ಳೆಯ ನಿಯಮಗಳ ಜೊತೆ ಸಿಕ್ಕರೆ ಸಣ್ಣ ಸ್ಪ್ರೆಡ್‌ನವರಿಗೆ ಅದೇ ಉತ್ತಮ. ಎಲೆ ಕಡಿಮೆ ಇದ್ದರೆ ಎಣಿಕೆ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಆದರೆ ಎಷ್ಟು ಆಳಕ್ಕೆ ಹಂಚುತ್ತಾರೆ ನೋಡಿ. ಎಲ್ಲಿಗೆ ನಿಲ್ಲಿಸಿ ಕಲೆಸಬೇಕು ಎಂದು ಗುರುತಿಗೆ ಇಡುವ ಕಟ್ ಕಾರ್ಡನ್ನು ಅರ್ಧಕ್ಕೇ ಇಟ್ಟು ಕಲೆಸಿಬಿಟ್ಟರೆ ಒಳ್ಳೆಯ ಎಣಿಕೆ ಬರುವ ಮೊದಲೇ ಆಟ ಮುಗಿಯುತ್ತದೆ. ನಿಯಮ ಸ್ವಲ್ಪ ಕೆಟ್ಟದಾಗಿದ್ದರೂ ಆಳಕ್ಕೆ ಹಂಚುವ ಮೇಜು ನನಗೆ ಇಷ್ಟ. ಡೀಲರ್ ಎಕ್ಕ ಸೇರಿದ 17ರ ಮೇಲೂ ಎಲೆ ತೆಗೆದರೆ ನಮಗೆ ಸುಮಾರು ಶೇ 0.2 ನಷ್ಟ, ಅದನ್ನು ಸಹಿಸಬಹುದು.

ಆಡಿದ ಎಲೆಯನ್ನು ಪ್ರತಿ ಸುತ್ತಿಗೂ ಒಳಗೆ ಹಾಕಿಕೊಂಡು ಕಲೆಸುತ್ತಲೇ ಇರುವ ಮಷಿನ್ ಇದ್ದರೆ ಎಣಿಕೆಗೆ ಅರ್ಥವೇ ಇಲ್ಲ. ಹಲವು ವರ್ಷದ ಹಿಂದೆ ನಾನು ಒಂದು ಕಡೆ ಇದು ಗೊತ್ತಿಲ್ಲದೆ ಒಂದು ಗಂಟೆ ಎಣಿಸುತ್ತಾ ಕೂತಿದ್ದೆ. ಆ ಬೇಸರ ಇನ್ನೂ ಇದೆ. ಕೂರುವ ಮೊದಲು ಎಲೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ನೋಡಿ.

ಎಣಿಕೆ ನೋಡಿ ಆಟ ಬದಲಿಸುವುದು

ಬಾಜಿ ಏರಿಸಲು ಆಗದವನಿಗೆ ಇದು ಇನ್ನೊಂದು ಆಸರೆ. ಮೂಲ ಕೋಷ್ಟಕವನ್ನು ಎಣಿಕೆ ನೋಡಿ ಕೆಲವು ಕಡೆ ಮುರಿಯಬೇಕು. ಡಾನ್ ಶ್ಲೆಸಿಂಗರ್ ಅನ್ನುವವರು ಇಂಥ 18 ಸಂದರ್ಭಗಳನ್ನು ಆರಿಸಿ ಕೊಟ್ಟಿದ್ದಾರೆ. ಹೆಚ್ಚಿನ ಪ್ರಯೋಜನ ಆ 18ರಲ್ಲೇ ಇದೆ. ಎಲ್ಲವನ್ನೂ ಒಂದೇ ಸಲ ಕಲಿಯಬೇಡಿ.

ಮೊದಲು ಇನ್ಶೂರೆನ್ಸ್. ಡೀಲರ್ ಎಕ್ಕ ತೋರಿಸಿದಾಗ ಇನ್ಶೂರೆನ್ಸ್ ಬೇಕಾ ಎಂದು ಕೇಳುತ್ತಾರೆ. ಡೀಲರ್‌ಗೆ ಬ್ಲ್ಯಾಕ್‌ಜಾಕ್ ಬಂದಿದೆ ಎಂದು ಬೇರೆಯಾಗಿ ಕಟ್ಟುವ ಬಾಜಿ ಅದು. ಅದು ಕೊಡುವುದು ಒಂದಕ್ಕೆ ಎರಡು. ಉಳಿದ ಎಲೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಹತ್ತು ಇದ್ದರೆ ಮಾತ್ರ ಲಾಭ. ಎಣಿಕೆ +3 ಅಥವಾ ಮೇಲಿದ್ದಾಗ ಹಾಗಿರುತ್ತದೆ. ಅದಕ್ಕಿಂತ ಕೆಳಗೆ ಯಾವತ್ತೂ ಬೇಡ, ನಿಮ್ಮ ಕೈಯಲ್ಲಿ 20 ಇದ್ದರೂ ಬೇಡ. ಎಣಿಕೆ ಏರಿದಾಗ ನಿಮ್ಮ ಬಾಜಿಯೂ ದೊಡ್ಡದಿರುತ್ತದೆ, ಹಾಗಾಗಿ ಈ ಒಂದು ತೀರ್ಮಾನಕ್ಕೇ ಬೆಲೆ ಜಾಸ್ತಿ.

ಆಮೇಲೆ 16. ಡೀಲರ್ ಹತ್ತು ತೋರಿಸಿ ನಿಮ್ಮ ಹತ್ತಿರ 16 ಇದ್ದರೆ ಕೋಷ್ಟಕ ಎಲೆ ತಗೋ ಅನ್ನುತ್ತದೆ. ಎಣಿಕೆ ಸೊನ್ನೆ ದಾಟಿದರೆ ನಿಲ್ಲಿ. ಇದು ಪದೇ ಪದೇ ಬರುವ ಕೈ. 15 ಇದ್ದು ಡೀಲರ್ ಹತ್ತು ತೋರಿಸಿದರೆ +4ರಲ್ಲಿ ನಿಲ್ಲಿ. 12 ಇದ್ದು ಡೀಲರ್ 3 ತೋರಿಸಿದರೆ +2ರಲ್ಲಿ, 2 ತೋರಿಸಿದರೆ +3ರಲ್ಲಿ ನಿಲ್ಲಿ. 10 ಇದ್ದು ಡೀಲರ್ ಹತ್ತು ತೋರಿಸಿದರೆ +4ರಲ್ಲಿ ಡಬಲ್ ಮಾಡಿ. ಇವು ಗಟ್ಟಿಯಾದ ಮೇಲೆ ಉಳಿದವು.

ಹತ್ತರ ಜೋಡಿಯನ್ನು +4, +5ರಲ್ಲಿ ಬೇರೆ ಮಾಡುವುದೂ ಆ ಪಟ್ಟಿಯಲ್ಲಿದೆ. ಅದನ್ನು ಬಿಟ್ಟುಬಿಡಿ. 20 ಕೈಯಲ್ಲಿಟ್ಟುಕೊಂಡು ಬೇರೆ ಮಾಡುವವನನ್ನು ಇಡೀ ಮೇಜು ತಿರುಗಿ ನೋಡುತ್ತದೆ. ಸಣ್ಣ ಸ್ಪ್ರೆಡ್ ಇಟ್ಟು ಕಾಪಾಡಿಕೊಂಡದ್ದು ಒಂದೇ ಕೈಯಲ್ಲಿ ಹೋಗುತ್ತದೆ.

ಬಂಡವಾಳ ಎಷ್ಟು ಬೇಕು

ಈ ಭಾಗ ನಿಧಾನವಾಗಿ ಓದಿ. ಹಿಂದೆ ನಿಂತು ಎಣಿಸಿ ಆಡುವವನಿಗೆ ನೂರು ಸುತ್ತಿಗೆ ಸರಾಸರಿ 540 ಲಾಭ ಎಂದೆವು. ಆದರೆ ಆ ನೂರು ಸುತ್ತಿನಲ್ಲಿ ಅವನು ಆಡುವ 14 ಕೈಗಳ ಏರಿಳಿತ ಎಷ್ಟು ಗೊತ್ತಾ? ಸುಮಾರು 17,000. 540 ಗಳಿಸಲು ಹೋದವನು 17,000 ಕಳೆದುಕೊಂಡು ಬರುವುದು ಅಪರೂಪವಲ್ಲ. ಗೆದ್ದು ಬರುವುದೂ ಅಷ್ಟೇ ಸಹಜ. ಒಂದು ದಿನದ ಫಲಿತಾಂಶದಿಂದ ಏನೂ ತಿಳಿಯುವುದಿಲ್ಲ.

ಒಂದು ಲಕ್ಷ ಸುತ್ತು ಆದಾಗ ಸರಾಸರಿ ಲಾಭ 5.4 ಲಕ್ಷ, ಏರಿಳಿತವೂ ಸುಮಾರು 5.4 ಲಕ್ಷ. ಆ ಹೊತ್ತಿಗೆ ಲಾಭ ಏರಿಳಿತವನ್ನು ಹಿಡಿಯುತ್ತದೆ. ಅಲ್ಲಿಯವರೆಗೆ ತಡೆದುಕೊಳ್ಳಲು ದುಡ್ಡು ಬೇಕು. ಪೂರ್ತಿ ಬರಿಗೈ ಆಗುವ ಅಪಾಯ ಶೇ 5ಕ್ಕೆ ಇಳಿಯಬೇಕಾದರೆ 4000ದ ಬಾಜಿಗೆ ಸುಮಾರು 8 ಲಕ್ಷ ಬಂಡವಾಳ ಬೇಕು, ಅಂದರೆ ದೊಡ್ಡ ಬಾಜಿಯ 200 ಪಟ್ಟು. ಸೊನ್ನೆಯಲ್ಲೂ ಕೂತು 310 ಗಳಿಸುವ ರೀತಿಗೆ ಸುಮಾರು 18 ಲಕ್ಷ. ಅದೇ 1-4, ಅದೇ 4000. ಸೊನ್ನೆಯ 46 ಸುತ್ತು ಆಡಿದ್ದಕ್ಕೆ ಬೇಕಾದ ಬಂಡವಾಳ ಎರಡು ಪಟ್ಟಿಗಿಂತ ಜಾಸ್ತಿ ಆಯಿತು.

ಅಷ್ಟು ಇಲ್ಲದಿದ್ದರೆ ಬಾಜಿ ಇಳಿಸಿ, ಎಲ್ಲ ಅಂಕಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದರೆ ಸಾಲ ತಂದು, ಬೆಳೆ ಮಾರಿದ ದುಡ್ಡು ತಂದು, ಮಕ್ಕಳ ಫೀಸಿನ ದುಡ್ಡು ತಂದು ಮೇಜಿಗೆ ಇಡಬೇಡಿ. ಆ ದುಡ್ಡಿಗೆ ಒಂದು ಲಕ್ಷ ಸುತ್ತು ಕಾಯುವ ಪುರುಸೊತ್ತು ಇರುವುದಿಲ್ಲ.

ಗೋವಾಕ್ಕೆ ಹೋಗೋಣವೇ

ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ ಇದು. ಬಳ್ಳಾರಿ, ಹೊಸಪೇಟೆ, ಕೊಪ್ಪಳದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಹುಬ್ಬಳ್ಳಿ ಮೇಲೆ ಗೋವಾ. ಅಲ್ಲಿ ಕ್ಯಾಸಿನೋ ಕಾನೂನುಬದ್ಧ, 21 ವರ್ಷ ತುಂಬಿರಬೇಕು. ಪಣಜಿಯ ಮಾಂಡೋವಿ ನದಿಯ ಹಡಗುಗಳಲ್ಲಿ ಆಟ ನಡೆಯುತ್ತದೆ.

ನನ್ನ ಉತ್ತರ: ಲಾಭಕ್ಕಾಗಿ ಹೋಗಬೇಡಿ. ಕಾರಣ ತೆರಿಗೆ. 2023ರ ಅಕ್ಟೋಬರ್ 1ರಿಂದ ಚಿಪ್ ಕೊಳ್ಳಲು ಕೊಡುವ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ನಾವು ಇಷ್ಟೊತ್ತು ಶೇ 0.5, ಶೇ 1ಕ್ಕಾಗಿ ಒದ್ದಾಡುತ್ತಿದ್ದೆವು. ಈ ತೆರಿಗೆಯ ಒಂದು ಚೂರು ನಿಮ್ಮ ತಲೆ ಮೇಲೆ ಬಿದ್ದರೂ ಲೆಕ್ಕ ಮುಗಿಯಿತು. ಇದರ ಮೇಲೆ, ಇಸ್ಪೀಟು ಮತ್ತು ಜೂಜಿನ ಗೆಲುವಿಗೆ ಶೇ 30 ಆದಾಯ ತೆರಿಗೆ. ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಒಂದು ದಿನ 17,000 ಗೆದ್ದು ಮರುದಿನ 17,000 ಸೋತರೆ ಕೈಯಲ್ಲಿ ಏನೂ ಇಲ್ಲ, ತೆರಿಗೆ ಮಾತ್ರ ಇದೆ. ಏರಿಳಿತವೇ ಜೀವಾಳವಾದ ಆಟಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ನದಿ ನೋಡಲು, ಆಟದ ಖುಷಿಗೆ ಹೋಗುವುದಾದರೆ ಬೇರೆ ಮಾತು.

ಹೊರದೇಶದಲ್ಲಿರುವವರಿಗೆ ಅಲ್ಲಿನ ನಿಯಮ. ತಲೆಯಲ್ಲಿ ಎಣಿಸುವುದು ಅಮೆರಿಕದಲ್ಲಿ ಅಪರಾಧವಲ್ಲ. ಆದರೆ ಎಣಿಸಲು ಯಾವುದೇ ಸಾಧನ ಬಳಸುವುದು ನೆವಾಡಾದಲ್ಲಿ 1985ರಿಂದ ಅಪರಾಧ. ಮೇಜಿನ ಹತ್ತಿರ ಫೋನನ್ನು ಜೇಬಿನಿಂದ ತೆಗೆಯಬೇಡ ಎಂದು ಅಕ್ಕನ ಮಗನಿಗೆ ಎರಡು ಸಲ ಹೇಳಿದೆ. ನೆವಾಡಾದಲ್ಲಿ ಕ್ಯಾಸಿನೋದವರು ಆಟ ನಿಲ್ಲಿಸಿ ಎಂದರೆ ವಾದ ಮಾಡದೆ ಚಿಪ್ ತಗೊಂಡು ಹೊರಡಬೇಕು. ನ್ಯೂಜೆರ್ಸಿಯಲ್ಲಿ ಕೆನ್ ಅಸ್ಟನ್ ಅನ್ನುವ ಆಟಗಾರ ಕೋರ್ಟಿಗೆ ಹೋದರು. ಎಣಿಸುತ್ತಾರೆ ಅನ್ನುವ ಕಾರಣಕ್ಕೆ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೋಗಳು ತಾವಾಗಿ ಆಟಗಾರರನ್ನು ಹೊರಹಾಕುವಂತಿಲ್ಲ ಎಂದು 1982ರಲ್ಲಿ ತೀರ್ಪು ಬಂತು. ಆದರೂ ಅಲ್ಲಿ ಎಲೆ ಬೇಗ ಕಲೆಸಿ ಎಣಿಕೆ ಕೆಡಿಸುವ ದಾರಿ ಅವರಿಗಿದೆ.

ನೋಟ್‌ಬುಕ್

ಪ್ರತಿ ಸಲ ಆಡಿದ ಮೇಲೆ ಹೊರಗೆ ಬಂದು ಬರೆಯಿರಿ. ಗೆದ್ದದ್ದು, ಸೋತದ್ದು ಒಂದು ಕಾಲಂ ಸಾಕು, ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಎಷ್ಟು ಆಳಕ್ಕೆ ಹಂಚಿದರು, ಎಷ್ಟು ಸಲ ಎದ್ದಿರಿ, +2ರ ಮೇಲೆ ಎಷ್ಟು ಕೈ ಸಿಕ್ಕಿತು ಬರೆಯಿರಿ. ಕೊನೆಯ ಕಾಲಂ ದೊಡ್ಡದಾಗಿರಲಿ: ಎಣಿಕೆ ಮೈನಸ್ ಇದ್ದಾಗ ಎಷ್ಟು ಕೈ ಆಡಿದಿರಿ, ಯಾಕೆ.

ಕಳೆದ ತಿಂಗಳು ಅವನು ಒಂದು ಪುಟದ ಫೋಟೋ ಕಳಿಸಿದ್ದ. ಆ ದಿನ ಸೋತಿದ್ದ. ಕೊನೆಯ ಕಾಲಂನಲ್ಲಿ 6 ಎಂದಿತ್ತು. ದೀಪಾವಳಿಗೆ ತಂದಿದ್ದ ನೋಟ್‌ಬುಕ್‌ನಲ್ಲಿ ಅಷ್ಟೇ ಹೊತ್ತಿಗೆ ಇಪ್ಪತ್ತು ದಾಟಿರುತ್ತಿತ್ತು. ಫೋನ್ ಮಾಡಿ ಆ 6 ಯಾವುವು ಎಂದು ಕೇಳಿದೆ.

"ಏಳೋಕೆ ನೆಪ ಸಿಗಲಿಲ್ಲ ಮಾಮ. ಪಕ್ಕದವರು ಮಾತಿಗೆ ಕೂತುಬಿಟ್ರು."

ಮುಂದಿನ ಸಲ ನೆಪ ಮೊದಲೇ ಬರೆದುಕೊಂಡು ಹೋಗು ಎಂದೆ. ಈಗ ಅವನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಹನ್ನೆರಡು ನೆಪಗಳಿವೆ.